ಮಿರಜದ ಕಾಗದ, ಅಮೆರಿಕದ ಕೋರ್ಟು

ಅಮೆರಿಕದಿಂದ ಗಡೀಪಾರಾದ 104 ಮಂದಿ ಭಾರತೀಯರನ್ನು ಹೊತ್ತ ಸೇನಾ ವಿಮಾನ 2025ರ ಫೆಬ್ರವರಿ 5ರಂದು ಅಮೃತಸರದಲ್ಲಿ ಇಳಿದಾಗ, ಅದರಲ್ಲಿ ಮೂವರು ಮಹಾರಾಷ್ಟ್ರದವರೂ ಇದ್ದರು. ಗುಜರಾತ್, ಹರಿಯಾಣ, ಪಂಜಾಬಿನವರ ಮುಂದೆ ಇದು ಸಣ್ಣ ಸಂಖ್ಯೆ. ಆದರೂ ಮಕ್ಕಳನ್ನು, ಅಳಿಯಂದಿರನ್ನು ಹೊರದೇಶಕ್ಕೆ ಕಳುಹಿಸಿರುವ ಸಾಂಗ್ಲಿ, ಮಿರಜದ ಕುಟುಂಬಗಳು ಒಂದು ಮಾತನ್ನು ಯೋಚಿಸಬೇಕಾಗಿದೆ. ನಮ್ಮವರೊಬ್ಬರಿಗೆ ಅಲ್ಲಿನ ವಲಸೆ ನ್ಯಾಯಾಲಯದಿಂದ ನೋಟಿಸು ಬಂದರೆ, ಇಲ್ಲಿ ಕುಳಿತ ನಾವು ಮಾಡಬಹುದಾದ ಸಹಾಯವೇನು?

ಅಸ್ಸಾಮಿನ ವಿದೇಶೀಯರ ನ್ಯಾಯಮಂಡಳಿಗಳನ್ನು ಬಿಟ್ಟರೆ ನಮ್ಮ ದೇಶದಲ್ಲಿ ಇಂಥ ಪ್ರತ್ಯೇಕ ಕೋರ್ಟುಗಳಿಲ್ಲ. ಅಮೆರಿಕದಲ್ಲಿ ಇವೆ, ಅವು ಅಲ್ಲಿನ ನ್ಯಾಯ ಇಲಾಖೆಯ ಕೆಳಗೆ ಬರುತ್ತವೆ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಆದರೆ ಸ್ವಂತ ಖರ್ಚಿನಲ್ಲಿ. ಕರೆದ ದಿನ ಹಾಜರಾಗದಿದ್ದರೆ ಗೈರುಹಾಜರಿಯಲ್ಲೇ ಗಡೀಪಾರಿನ ಆದೇಶವಾಗಬಹುದು. ಮನೆ ಬದಲಿಸಿದವರು ಐದು ದಿನಗಳೊಳಗೆ ಹೊಸ ವಿಳಾಸವನ್ನು ಕೋರ್ಟಿಗೆ ತಿಳಿಸಬೇಕು. ಊರೂರು ಅಲೆದು ಕೆಲಸ ಮಾಡುವ ಹುಡುಗರು ಎಡವುವುದು ಇಲ್ಲಿಯೇ.

2022ರ ಫೆಬ್ರವರಿ 11ರಿಂದ ಈ ಕೋರ್ಟುಗಳಲ್ಲಿ ವಕೀಲರು ಕಾಗದಪತ್ರಗಳನ್ನು ಕಂಪ್ಯೂಟರಿನ ಮೂಲಕವೇ ಸಲ್ಲಿಸಬೇಕೆಂಬ ನಿಯಮ ಬಂದಿದೆ. ಕಡತ ಇನ್ನೂ ಕಾಗದದಲ್ಲೇ ಇರುವ ಹಳೆಯ ಪ್ರಕರಣಗಳಿಗೆ ಇದು ಅನ್ವಯಿಸದು. ವಕೀಲರಿಲ್ಲದವರು ಕಾಗದದಲ್ಲೂ ಕೊಡಬಹುದು. ಸಾಂಗ್ಲಿಯವರಿಗೆ ಇ-ಫೈಲಿಂಗ್ ಎಂಬ ಮಾತು ಹೊಸದೇನಲ್ಲ. 2025ರ ಆಗಸ್ಟ್ 18ರಂದು ಕೊಲ್ಹಾಪುರದಲ್ಲಿ ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗುವವರೆಗೆ ಹೈಕೋರ್ಟಿನ ಕೆಲಸಕ್ಕೆ ಮುಂಬಯಿಯ ದಾರಿ ಹಿಡಿಯುತ್ತಿದ್ದ ಜಿಲ್ಲೆ ಇದು. ಕಾಗದ ತಂತಿಯ ಮೇಲೆ ಹೋದರೆ ಎಷ್ಟು ಹಗುರವೆಂದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಕಂಪ್ಯೂಟರು ಸಾಗಿಸುತ್ತದೆಯೇ ಹೊರತು ತಿದ್ದುವುದಿಲ್ಲ. ತೊಡಕು ಇರುವುದು ನಮ್ಮ ಮನೆಯ ಟ್ರಂಕಿನಲ್ಲಿ. ಗಡಿಭಾಗದ ಒಂದು ಕುಟುಂಬವನ್ನೇ ಊಹಿಸಿಕೊಳ್ಳೋಣ. ಹುಡುಗನ ಜನನ ಪ್ರಮಾಣಪತ್ರ ಸಾಂಗ್ಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯದು, ಮರಾಠಿಯಲ್ಲಿದೆ. ಅಥಣಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದಿದ್ದರಿಂದ ಶಾಲೆಯ ದಾಖಲೆ ಕನ್ನಡದಲ್ಲಿದೆ. ಜ್ಞಾನಸ್ನಾನದ ಪುಸ್ತಕದಲ್ಲಿ ಅವನು ಯೋಹಾನ, ಶಾಲೆಯಲ್ಲಿ ಜಾನ್. ಮಹಾರಾಷ್ಟ್ರದ ಪದ್ಧತಿಯಂತೆ ಒಂದು ಕಡೆ ತಂದೆಯ ಹೆಸರು ನಡುವೆ ಬಂದಿದೆ, ಇನ್ನೊಂದು ಕಡೆ ಅಡ್ಡಹೆಸರೇ ಇಲ್ಲ. ನಮಗೆ ಇವರೆಲ್ಲ ಒಬ್ಬನೇ ಎಂದು ಗೊತ್ತು. ಸಾವಿರಾರು ಮೈಲು ದೂರದ ನ್ಯಾಯಾಧೀಶರಿಗೆ ಮೂವರು ಕಾಣಿಸಿದರೆ ತಪ್ಪೇನು? ಹೆಸರು ಹೇಗೆ ಬದಲಾಯಿತೆಂಬುದನ್ನು ಬರೆದುಕೊಡಬಲ್ಲ ಹಿರಿಯರು ಇಲ್ಲಿಯೇ ಇದ್ದಾರೆ. ಮಗನ ವಕೀಲರನ್ನು ಕೇಳಿ ಅಂಥ ಹೇಳಿಕೆಯನ್ನು ಮೊದಲೇ ಸಿದ್ಧಪಡಿಸುವುದು ಲೇಸು.

ಇಂಗ್ಲಿಷಿನಲ್ಲಿಲ್ಲದ ಪ್ರತಿಯೊಂದು ಪತ್ರಕ್ಕೂ ಇಂಗ್ಲಿಷ್ ಅನುವಾದ ಬೇಕು. ಎರಡು ಭಾಷೆಯನ್ನೂ ತಾನು ಬಲ್ಲೆ, ಈ ಅನುವಾದ ಸತ್ಯವೂ ನಿಖರವೂ ಆಗಿದೆ ಎಂದು ಅನುವಾದಕರು ಬರೆದು ಸಹಿ ಮಾಡಿರಬೇಕು. ನಮ್ಮಲ್ಲಿ ಅನೇಕರಿಗೆ ನೋಟರಿಯ ಕೆಂಪು ಮುದ್ರೆ ಬಿದ್ದರೆ ಎಲ್ಲವೂ ಆಯಿತೆಂಬ ಭಾವನೆ ಇದೆ. ಮುದ್ರೆ ಅನುವಾದದ ಕೆಲಸ ಮಾಡುವುದಿಲ್ಲ. ಅದರ ಬದಲು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಶ್ರದ್ಧೆಯಿಂದ ಮಾಡಿಕೊಟ್ಟ ಅನುವಾದವೇ ಹೆಚ್ಚು ಉಪಯೋಗಕ್ಕೆ ಬಂದೀತು. ಇಂಥವರಿಗೆ ಮಿರಜದಲ್ಲಿ ಬರವಿಲ್ಲ.

ಗುರುಮನೆಯ ಕಪಾಟಿನಲ್ಲಿರುವ ಜ್ಞಾನಸ್ನಾನದ ಪುಸ್ತಕಕ್ಕೂ ಬೆಲೆ ಇದೆ. ಅಲ್ಲಿನ ವಲಸೆ ಇಲಾಖೆ ಕುಟುಂಬ ಸಂಬಂಧದ ಅರ್ಜಿಗಳಲ್ಲಿ, ಜನನ ಪತ್ರ ಲಭ್ಯವಿಲ್ಲವೆಂದು ಅಧಿಕಾರಿಗಳು ಬರೆದುಕೊಟ್ಟರೆ, ಚರ್ಚಿನ ದಾಖಲೆಯನ್ನೂ ಪರಿಗಣಿಸುತ್ತದೆ. ಆದರೆ ಹುಟ್ಟಿದ ಎರಡು ತಿಂಗಳೊಳಗೆ ಜ್ಞಾನಸ್ನಾನವಾಗಿರಬೇಕು. ಪತ್ರದಲ್ಲಿ ಚರ್ಚಿನ ಮುದ್ರೆ, ಹುಟ್ಟಿದ ದಿನಾಂಕ, ಸ್ಥಳ, ತಂದೆತಾಯಿಯರ ಹೆಸರು ಇರಬೇಕು. ಫಾದರ್ ಅವರಲ್ಲಿ ಪತ್ರ ಕೇಳುವಾಗ ಇವನ್ನು ನೆನಪಿಸಿ. ಪುಸ್ತಕದಲ್ಲಿ ಇದ್ದಂತೆಯೇ ಅವರು ಬರೆದುಕೊಡಬಲ್ಲರು. ಪಾಸ್‌ಪೋರ್ಟಿಗೆ ಹೊಂದುವಂತೆ ತಿದ್ದಿಕೊಡಿ ಎಂದು ಒತ್ತಾಯಿಸಿದರೆ ಮಗನ ಪ್ರಕರಣಕ್ಕೇ ಕೊಡಲಿ ಪೆಟ್ಟು.

ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬೆರಳು, ನೆರಳು, ಮಡಿಕೆ ಬಿದ್ದ ಫೋಟೊದಲ್ಲಿ ಮುದ್ರೆಯೇ ಕಾಣುವುದಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಹಿಂಬದಿಯನ್ನೂ ಸೇರಿಸಿ ಸ್ಕ್ಯಾನ್ ಮಾಡಿಸಿ. ಕೋರ್ಟಿಗೆ ಹೋಗುವುದು ಪ್ರತಿ, ಮೂಲ ಪತ್ರವನ್ನು ವಿಚಾರಣೆಯ ದಿನ ಕೇಳಬಹುದು. ಆದ್ದರಿಂದ ಅದು ಎಲ್ಲಿದೆ, ಯಾರ ಬಳಿ ಇದೆ ಎಂಬುದು ಮನೆಯ ಇಬ್ಬರಿಗಾದರೂ ತಿಳಿದಿರಲಿ. ‘ಇಲ್ಲಿಂದಲೇ ಫೈಲ್ ಮಾಡಿಕೊಡುತ್ತೇವೆ’ ಎನ್ನುವ ಏಜೆಂಟರಿಗೆ ಹಣ ಕೊಡಬೇಡಿ. ಇನ್ನೊಬ್ಬರ ಪರವಾಗಿ ಸಲ್ಲಿಸುವ ಅಧಿಕಾರ ಅಲ್ಲಿ ನೋಂದಾಯಿತರಾದ ವಕೀಲರಿಗೆ ಮತ್ತು ಮಾನ್ಯತೆ ಪಡೆದ ಪ್ರತಿನಿಧಿಗಳಿಗೆ ಮಾತ್ರ.

ಇನ್ನು ಒಂದು ಸಂಖ್ಯೆ. ನೋಟಿಸಿನ ಮೇಲೆ ಎ ಅಕ್ಷರದ ಮುಂದೆ ಒಂಬತ್ತು ಅಂಕಿಗಳಿರುತ್ತವೆ. ಅದನ್ನು ಫೋನಿನಲ್ಲಿ ಕೇಳಿ, ಓದಿಸಿ, ಬರೆದಿಟ್ಟುಕೊಳ್ಳಿ. ಮುಂದಿನ ವಿಚಾರಣೆಯ ದಿನಾಂಕವನ್ನು ಆ ಸಂಖ್ಯೆಯಿಂದ ಇಂಟರ್‌ನೆಟ್ಟಿನಲ್ಲಿ ಮಿರಜದಿಂದಲೇ ನೋಡಬಹುದು. ಮಗನ ಫೋನು ಬಂದಾಗಿ, ಅವನನ್ನು ಬಂಧಿಸಿರಬಹುದೆಂಬ ಸಂಶಯ ಬಂದಾಗ, ಯಾವ ಕೇಂದ್ರದಲ್ಲಿ ಇಟ್ಟಿದ್ದಾರೆಂದು ಹುಡುಕುವುದೂ ಅದೇ ಸಂಖ್ಯೆ ಮತ್ತು ಹುಟ್ಟಿದ ದೇಶದ ಹೆಸರಿನಿಂದ.