ಬರದ ಸೀಮೆಯ ಪಟ್ಟೆಕಾಲಿನ ಸೊಳ್ಳೆ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಸಾಕುವ ಹುಳುಮನೆಯ ಕಿಟಕಿಗೆ ತಪ್ಪದೆ ಬಲೆ ಇರುತ್ತದೆ. ಮನುಷ್ಯರು ಮಲಗುವ ಕೋಣೆಯ ಕಿಟಕಿಗೆ ಎಷ್ಟೋ ಕಡೆ ಇರುವುದಿಲ್ಲ. ಹುಳುಮನೆಯ ಬಾಗಿಲಿಗೂ ಅದೇ ಬಲೆಯ ಪರದೆ. ಒಳಗೆ ಅಟ್ಟಣೆಯ ಮೇಲೆ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳು ಹಿಪ್ಪುನೇರಳೆ ಸೊಪ್ಪು ಮೇಯುವ ಸರಸರ ಸದ್ದು. ಬಲೆ ಕಟ್ಟಿರುವುದು ಊಜಿ ನೊಣಕ್ಕೆ. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಒಳಗಿಂದೊಳಗೇ ತಿಂದುಹಾಕುವ ಈ ನೊಣ 1980ರವರೆಗೆ ಕರ್ನಾಟಕದಲ್ಲಿ ಇರಲಿಲ್ಲ. ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಇಳಿಯಿತು, ನಾಲ್ಕೈದು ವರ್ಷದಲ್ಲಿ ರೇಷ್ಮೆ ಸೀಮೆಯನ್ನೆಲ್ಲ ಹಿಡಿಯಿತು. ಕೀಟವೊಂದು ದೂರದ ಊರಿಂದ ಹಾರಿ ಬರುವುದಕ್ಕಿಂತ ಸರಕಿನ ಜೊತೆ ಬರುವುದೇ ಹೆಚ್ಚು ಎಂಬುದನ್ನು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಮನೆಯ ಅಂಗಳದ ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಪಕ್ಕದಲ್ಲಿ ದನಕ್ಕೆ ನೀರಿಡುವ ಕಲ್ಲುಬಾನಿ. ಡ್ರಮ್ಮಿನೊಳಕ್ಕೆ ಟಾರ್ಚ್ ಹಿಡಿದರೆ ಮೇಲೆ ತೇಲುತ್ತಿದ್ದ ಮರಿಗಳು ಬಳುಕುತ್ತಾ ತಳಕ್ಕೆ ಇಳಿಯುತ್ತವೆ. ವಾರ ಕಳೆದರೆ ಅವು ಕಾಲಿನ ತುಂಬ ಬಿಳಿ ಪಟ್ಟೆಗಳಿರುವ ಕಪ್ಪು ಸೊಳ್ಳೆಗಳಾಗುತ್ತವೆ. ಹೆಸರು ಈಡಿಸ್ ಈಜಿಪ್ಟಿ. ಕಚ್ಚುವುದು ಹಗಲಲ್ಲಿ. ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಮೂರನ್ನೂ ಹೊರುವುದು ಇದೇ.

ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಹೆಸರು 2023ರ ನವೆಂಬರಿನಲ್ಲಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಆ ಆಗಸ್ಟಿನಲ್ಲಿ ಅಲ್ಲಿ ಹಿಡಿದ ಸೊಳ್ಳೆಗಳ ಮಾದರಿಯಲ್ಲಿ ಝೀಕಾ ವೈರಸ್ ಪತ್ತೆಯಾಗಿತ್ತು. ಸುತ್ತ ಐದು ಕಿಲೋಮೀಟರಿನ ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆ ಸುತ್ತಿದರು. ಬಸುರಿಯರ ಮತ್ತು ಜ್ವರ ಬಂದವರ ರಕ್ತ ಪರೀಕ್ಷೆಗೆ ಹೋಯಿತು. ಮನುಷ್ಯರಲ್ಲಿ ಯಾರಲ್ಲೂ ವೈರಸ್ ಸಿಗಲಿಲ್ಲ. ರೋಗಿ ಸಿಕ್ಕಿದ ಮೇಲೆ ಸೊಳ್ಳೆ ಹುಡುಕುವುದು ನಮ್ಮಲ್ಲಿ ರೂಢಿ. ಇಲ್ಲಿ ಸೊಳ್ಳೆಯೇ ಮೊದಲು ಸುಳಿವು ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಅದು ಈ ಜಿಲ್ಲೆಯ ಆರೋಗ್ಯ ಚರಿತ್ರೆಯ ದೊಡ್ಡ ಘಟನೆ. ಆದರೆ ಸುದ್ದಿ ತಣ್ಣಗಾದ ಮೇಲೆ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆಯೊಂದು ಉಳಿಯಿತು: ಈ ಸೊಳ್ಳೆ ಇಲ್ಲಿಗೆ ಬಂದದ್ದಾದರೂ ಎಲ್ಲಿಂದ?

ಅದರ ಉತ್ತರ ಬರದ ಕಥೆಯೊಂದರಲ್ಲಿದೆ. ಈಡಿಸ್ ಈಜಿಪ್ಟಿಯ ಮೂಲ ಆಫ್ರಿಕದ ಕಾಡು. ಮರದ ಪೊಟರೆಯ ನೀರಲ್ಲಿ ಹುಟ್ಟಿ ಸಿಕ್ಕ ಪ್ರಾಣಿಯ ರಕ್ತ ಕುಡಿಯುವ ಅದರ ಕಾಡುತಳಿ ಇವತ್ತಿಗೂ ಅಲ್ಲಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೋವಾ ರೋಸ್, ಕ್ಯಾರೊಲಿನ್ ಮೆಕ್‌ಬ್ರೈಡ್ ಮತ್ತು ಸಂಗಡಿಗರು ಆಫ್ರಿಕದ 27 ಜಾಗಗಳಿಂದ ಮೊಟ್ಟೆ ತಂದು ಬೆಳೆಸಿ, ಯಾವ ಊರಿನ ಸೊಳ್ಳೆ ಮನುಷ್ಯರ ವಾಸನೆಗೆ ಹೆಚ್ಚು ಒಲಿಯುತ್ತದೆಂದು ಅಳೆದರು, 2020ರಲ್ಲಿ ಪ್ರಕಟಿಸಿದರು. ಬೇಸಿಗೆ ಎಲ್ಲಿ ಉದ್ದವೋ, ಮಳೆ ಎಲ್ಲಿ ಕೆಲವೇ ತಿಂಗಳೋ, ಅಲ್ಲಿನ ಸೊಳ್ಳೆಗೆ ಮನುಷ್ಯರೇ ಬೇಕು. ಪೊಟರೆ ಬತ್ತಿದ ಮೇಲೆ ಅದಕ್ಕೆ ಉಳಿಯುವುದು ಮನುಷ್ಯರು ಕೂಡಿಟ್ಟ ನೀರೊಂದೇ. ಸಹಾರಾ ಹಸಿರು ಕಳೆದುಕೊಂಡು ಒಣಗಿದ ಕಾಲಕ್ಕೆ, ಸುಮಾರು 5,000 ವರ್ಷದ ಹಿಂದೆ, ಈ ತಳಿ ಕವಲೊಡೆಯಿತೆಂದು ಅದರ ಜೀನೋಮಿನ ಲೆಕ್ಕ ಹೇಳುತ್ತದೆ.

ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಇದೇ ಜಿಲ್ಲೆಯ ಚಿಂತಾಮಣಿಯ ಓಣಿಗಳು. ನಲ್ಲಿಯಲ್ಲಿ ನೀರು ಬರುವ ದಿನ ಅಲ್ಲಿ ಬೇರೆ ಕೆಲಸ ನಡೆಯುವುದಿಲ್ಲ. ಬಿಂದಿಗೆ, ಕೊಡ, ಬಕೆಟ್ಟು, ಹಳೇ ಪೇಂಟ್ ಡಬ್ಬ, ಕೊನೆಗೆ ಪಾತ್ರೆಗಳೂ ಸಾಲಲ್ಲಿ ನಿಲ್ಲುತ್ತವೆ. ಸಂಪು ತುಂಬುತ್ತದೆ, ಮೇಲೆ ಸಿಂಟೆಕ್ಸ್ ತುಂಬುತ್ತದೆ. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಗೆ ಒಂದೂ ಇಲ್ಲ. ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿ ಹೆಚ್ಚಿನ ಕಾಲ ಬರೀ ಮರಳು. ಕೊಳವೆಬಾವಿ ಸಾವಿರ ಅಡಿ ದಾಟಿ ಇಳಿದಿದೆ, ಬರುವ ನೀರಲ್ಲಿ ಫ್ಲೋರೈಡು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಎಚ್.ಎನ್. ವ್ಯಾಲಿ ಯೋಜನೆಯ ಕೊಳವೆಯಲ್ಲಿ ಹರಿಸಿ ಕೆರೆ ತುಂಬಿಸುವಷ್ಟು ಬಾಯಾರಿದ ಸೀಮೆ ಇದು.

“ಅಕ್ಕಾ, ವಾರಕ್ಕೊಂದು ಸಲ ಡ್ರಮ್ಮು ಖಾಲಿ ಮಾಡಿ, ಉಜ್ಜಿ ಒಣಗಿಸಿ” ಎಂದು ಆಶಾ ಕಾರ್ಯಕರ್ತೆ ಹೇಳುತ್ತಾರೆ. “ನೀರು ಬರೋದೇ ವಾರಕ್ಕೊಂದು ಸಲ ಕಣಮ್ಮಾ, ಇರೋದನ್ನ ಚೆಲ್ಲಿ ಏನ್ಮಾಡೋಣ?” ಈ ಮಾತಿಗೆ ಎದುರಾಡುವುದು ಕಷ್ಟ. ಯಾವ ಓಣಿಗೆ ಹೋದರೂ ಇದೇ ಕೇಳಿಸುತ್ತದೆ. ಡ್ರಮ್ಮು ಇಟ್ಟ ಹೆಂಗಸಿನ ಮೇಲೆ ತಪ್ಪು ಹೊರಿಸುವ ಗೋಡೆಬರಹಗಳು ನನಗೆ ನ್ಯಾಯವೆಂದು ತೋರುವುದಿಲ್ಲ.

ಸೊಳ್ಳೆಯ ಜಾಡು ಹಿಡಿಯುವುದು ಹೇಗೆ? ಗೂಡಿನ ಮಾರುಕಟ್ಟೆಯಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ಅವರು ರಾಮನಗರದ ಕಡೆಯವರೋ ತೆಲುಗು ಬೆರೆತ ಚಿಂತಾಮಣಿ ಸೀಮೆಯವರೋ ತಿಳಿದುಬಿಡುತ್ತದೆ. ಸೊಳ್ಳೆಯ ಡಿಎನ್‌ಎಯಲ್ಲೂ ಅಂಥ ಊರಿನ ಧಾಟಿ ಇರುತ್ತದೆ. ತಲೆಮಾರಿನಿಂದ ತಲೆಮಾರಿಗೆ ಅಕ್ಷರಗಳು ಅಲ್ಲಲ್ಲಿ ಬದಲಾಗುತ್ತವೆ, ಬೇರೆಯಾಗಿ ಬಾಳಿದ ಗುಂಪುಗಳು ಬೇರೆ ಬೇರೆ ಬದಲಾವಣೆ ಕೂಡಿಹಾಕಿಕೊಳ್ಳುತ್ತವೆ. ಮೊದಲು ಮೈಟೊಕಾಂಡ್ರಿಯದ ಸಣ್ಣ ತುಣುಕೊಂದನ್ನು ಓದುತ್ತಿದ್ದರು. ಆಮೇಲೆ ಮೈಕ್ರೊಸ್ಯಾಟಲೈಟ್ ಎಂಬ ಗುರುತುಗಳು ಬಂದವು. ಈಗ ಇಡೀ ಜೀನೋಮನ್ನೇ ಓದುತ್ತಾರೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು 1,206 ಈಡಿಸ್ ಈಜಿಪ್ಟಿ ಸೊಳ್ಳೆಗಳ ಜೀನೋಮನ್ನು ಹೋಲಿಸಿ ನೋಡಿತು.

ಹೀಗೆ ಸಿಕ್ಕ ದಾರಿ ನೋವಿನದು. ಮನುಷ್ಯರಿಗೆ ಒಗ್ಗಿದ ಸೊಳ್ಳೆ ಪಶ್ಚಿಮ ಆಫ್ರಿಕದಿಂದ ಗುಲಾಮರನ್ನು ತುಂಬಿದ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಅಮೆರಿಕ ಖಂಡಕ್ಕೆ ಹೋಯಿತು. ಏಷ್ಯಾದ ಸೊಳ್ಳೆಗಳು ನೇರ ಆಫ್ರಿಕದಿಂದ ಬಂದವುಗಳಲ್ಲ, ಅಮೆರಿಕದ ಸೊಳ್ಳೆಗಳ ಸಂತತಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಅವು ನಮ್ಮ ಬಂದರುಗಳಲ್ಲಿ ನೆಲೆಯೂರಿದವು. ಜೀವಮಾನದಲ್ಲಿ ಕೆಲವು ನೂರು ಮೀಟರ್ ದಾಟದ ಕೀಟ ಎರಡು ಸಾಗರ ದಾಟಿ ಒಳನಾಡಿನ ಬಯಲುಸೀಮೆಗೆ ತಲುಪಿದ್ದು ಮನುಷ್ಯರ ಸಾಗಾಟದಿಂದಲೇ.

ಮೊಟ್ಟೆಯ ಗಟ್ಟಿತನವೂ ಅದಕ್ಕೆ ನೆರವಾಯಿತು. ಪಾತ್ರೆಯ ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ನೀರು ಸೋಕಿದರೆ ಒಡೆಯುತ್ತದೆ. ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಹೈದರಾಬಾದಿನ ಹೆದ್ದಾರಿ ಸಾಗುತ್ತದೆ. ಟೊಮೆಟೊ, ದ್ರಾಕ್ಷಿ, ಸೇವಂತಿಗೆ ಹೊತ್ತ ಲಾರಿಗಳು ಹಗಲಿರುಳು ಓಡುತ್ತವೆ. ಪಂಕ್ಚರ್ ಅಂಗಡಿಗಳ ಮುಂದೆ ಹಳೇ ಟೈರುಗಳ ರಾಶಿ. ಟೈರಿನ ಒಳಸುತ್ತಲ್ಲಿ ಒಂದು ಲೋಟ ಮಳೆನೀರು ನಿಂತರೂ ಸೊಳ್ಳೆಗೆ ಸಾಕು. ಇದರ ಸೋದರಿ, ಏಷ್ಯಾದ ಹುಲಿಸೊಳ್ಳೆ, 1985ರಲ್ಲಿ ಅಮೆರಿಕದ ಹ್ಯೂಸ್ಟನ್ನಿಗೆ ಕಾಲಿಟ್ಟದ್ದು ಹೀಗೇ, ಹಳೇ ಟೈರಿನೊಳಗೆ.

ವೈರಸ್ಸಿನ ಜೀನೂ ದಾರಿ ಹೇಳುತ್ತದೆ. 2006ರಲ್ಲಿ ಈ ಜಿಲ್ಲೆ ಇನ್ನೂ ಕೋಲಾರದಲ್ಲೇ ಸೇರಿದ್ದ ಕಾಲಕ್ಕೆ ಊರಿಗೆ ಊರೇ ಕೀಲು ಹಿಡಿದು ಮಲಗಿತ್ತು. ದೇಶದಲ್ಲಿ ಆ ವರ್ಷ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. 1960ರ ದಶಕದಲ್ಲಿ ದೇಶ ಕಂಡಿದ್ದ ಏಷ್ಯಾದ ತಳಿಗಿಂತ ಈ ವೈರಸ್ ಬೇರೆಯಾಗಿತ್ತು. ಅದು ಪೂರ್ವ ಆಫ್ರಿಕದ ಕಡೆಯಿಂದ ಬಂದದ್ದೆಂದು ಜೀನಿನ ಹೋಲಿಕೆ ತೋರಿಸಿತು. 2018ರಲ್ಲಿ ಜೈಪುರದಲ್ಲಿ ಹರಡಿದ ಝೀಕಾ ಮಾತ್ರ ಅಮೆರಿಕದಿಂದ ಬಂದದ್ದಾಗಿರಲಿಲ್ಲ, ಏಷ್ಯಾದಲ್ಲಿ ಮೊದಲಿಂದ ಇದ್ದ ತಳಿಯದೇ ಆಗಿತ್ತು.

ಜಾಡು ಹಿಡಿಯುವುದು ಚರಿತ್ರೆಯ ಕುತೂಹಲಕ್ಕಷ್ಟೇ ಅಲ್ಲ. ಸೊಳ್ಳೆ ಎಲ್ಲಿಂದ ಬರುತ್ತದೋ ಅಲ್ಲಿಂದ ತನ್ನ ವಿಷ ತಾಳುವ ಶಕ್ತಿಯನ್ನೂ ತರುತ್ತದೆ. ಬತ್ತಿ, ಲಿಕ್ವಿಡ್, ಹೊಗೆಯಂತ್ರಗಳಲ್ಲಿ ಬಳಸುವ ಪೈರಿಥ್ರಾಯ್ಡ್ ನಾಟದಂತೆ ಮಾಡುವ ಜೀನ್ ಮಾರ್ಪಾಡುಗಳು ಬೆಂಗಳೂರಿನ ಈಡಿಸ್‌ಗಳಲ್ಲಿವೆ. 2020ರಲ್ಲಿ ಅಲ್ಲಿ ಅದುವರೆಗೆ ಈ ಜಾತಿಯ ಸೊಳ್ಳೆಯಲ್ಲಿ ಎಲ್ಲೂ ಕಾಣದಿದ್ದ ಹೊಸ ಮಾರ್ಪಾಡೊಂದೂ ಸಿಕ್ಕಿತು. ಅಂಥ ಸೊಳ್ಳೆ ಅರವತ್ತು ಕಿಲೋಮೀಟರ್ ದೂರದ ಚಿಕ್ಕಬಳ್ಳಾಪುರಕ್ಕೆ ಬರಲು ಒಂದು ಲಾರಿ ಸಾಕು. ಶಿಡ್ಲಘಟ್ಟದಲ್ಲಿ ಇನ್ನೊಂದು ತೊಡಕು: ಆ ಹೊಗೆ ಹುಳುಮನೆಗೆ ನುಗ್ಗಿದರೆ ಬೆಳೆಯೇ ಹೋಗುತ್ತದೆ. ಸೊಳ್ಳೆ ಸಾಯದೆ ರೇಷ್ಮೆಹುಳು ಸಾಯುವುದಾದರೆ ಆ ಔಷಧಿ ಯಾರಿಗೆ ಬೇಕು? ಕೋಲಾರದ ಕಾಮಸಮುದ್ರದ ರೇಷ್ಮೆ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಔಷಧಿ ಸಿಂಪಡಿಸುವ ಬದಲು ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಮಲೇರಿಯಾ ತಗ್ಗಿಸಿದ್ದರು. ತೊಟ್ಟಿಗಳಿಗೆ ಆ ದಾರಿ ಇವತ್ತಿಗೂ ತೆರೆದಿದೆ.

ನಮ್ಮ ಉಪಖಂಡದಿಂದ ಹೊರಟ ಸೊಳ್ಳೆಯೂ ಇದೆ. ಬೆಂಗಳೂರಿನಂಥ ನಗರಗಳ ತೊಟ್ಟಿ, ಟ್ಯಾಂಕುಗಳಲ್ಲಿ ಬೆಳೆದು ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ದಕ್ಷಿಣ ಏಷ್ಯಾದ್ದು. ಅದು 2012ರಲ್ಲಿ ಜಿಬೌಟಿಯಲ್ಲಿ, 2016ರಲ್ಲಿ ಇಥಿಯೋಪಿಯದಲ್ಲಿ ಕಾಣಿಸಿಕೊಂಡಿತು. ಜೀನ್ ಹೋಲಿಕೆ ಬೆರಳು ತೋರಿಸಿದ್ದು ದಕ್ಷಿಣ ಏಷ್ಯಾದತ್ತ. ಬೆಂಗಳೂರಿನ ಐಬ್ಯಾಬ್ ಸಂಶೋಧನಾ ಸಂಸ್ಥೆ ಮತ್ತು ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ವಿಜ್ಞಾನಿಗಳು 2022ರಲ್ಲಿ ಈ ಸೊಳ್ಳೆಯ ಭಾರತೀಯ ತಳಿಗಳ ಜೀನೋಮನ್ನು ಪ್ರಕಟಿಸಿದರು. ಆಫ್ರಿಕದಲ್ಲಿ ಹಿಡಿದ ಸೊಳ್ಳೆಯನ್ನು ಹೋಲಿಸಿ ನೋಡಲು ಇಂಥ ಮೂಲಪ್ರತಿ ಬೇಕೇ ಬೇಕು.

ಹೀಗಿರುವಾಗ ಜಿಲ್ಲೆಯ ತಾಲ್ಲೂಕುಗಳ ಸೊಳ್ಳೆಗಳ ಜಾಡು ಹಿಡಿಯುವುದು ಆಗದ ಕೆಲಸವೇನಲ್ಲ. ಕಪ್ಪು ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ನೀರು, ಒಳಸುತ್ತಿಗೆ ಒರಟು ಬಟ್ಟೆಯ ಪಟ್ಟಿ, ನೆರಳಲ್ಲಿ ನಾಲ್ಕೈದು ದಿನ. ಪಟ್ಟಿಯ ಮೇಲೆ ಮೊಟ್ಟೆ ಕೂರುತ್ತದೆ. ಒಣಗಿಸಿ ಲಕೋಟೆಯಲ್ಲಿಟ್ಟರೆ ಬೆಂಗಳೂರಿಗೆ ಕಳಿಸಬಹುದು. ತಲಕಾಯಲಬೆಟ್ಟದ ಸೊಳ್ಳೆ ಚಿಂತಾಮಣಿ ಪೇಟೆಯದಕ್ಕೆ ಹತ್ತಿರವೋ, ಹೆದ್ದಾರಿಯ ಟೈರ್ ರಾಶಿಯದಕ್ಕೋ, ಗೌರಿಬಿದನೂರಿನ ಸೊಳ್ಳೆ ಬೇರೆಯೇ ಗುಂಪೋ ಎಂಬುದನ್ನು ಆ ಪಟ್ಟಿಗಳು ಹೇಳಬಲ್ಲವು. ಪೇಟೆಗೆ ಹತ್ತಿರವೆಂದಾದರೆ ಪೇಟೆಯ ನೀರಿನ ಸರಬರಾಜು ಮೊದಲು ಸರಿಹೋಗಬೇಕು. ಟೈರಿಗೆ ಹತ್ತಿರವೆಂದಾದರೆ ಮುಂಗಾರಿಗೆ ಮುಂಚೆಯೇ ಆ ಟೈರುಗಳು ಸೂರಿನಡಿ ಹೋಗಬೇಕು. ಈ ಲೋಟಗಳನ್ನು ಪ್ರತಿ ಮಳೆಗಾಲವೂ ಪ್ರತಿ ತಾಲ್ಲೂಕಿನಲ್ಲೂ ಇಡುವ ಜವಾಬ್ದಾರಿಯನ್ನು ಜಿಲ್ಲಾಡಳಿತ ಹೊರಬೇಕು.