ತೂಕ ಇಳಿಯುವುದು ನಿಂತುಹೋದಾಗ

"ಮೊದಲ ಎರಡು ತಿಂಗಳು ಚೆನ್ನಾಗಿ ಇಳಿಯಿತು ಸರ್. ಈಗಲೂ ಅದೇ ಊಟ, ಅದೇ ವಾಕಿಂಗ್. ಆದರೆ ಮುಳ್ಳು ಅಲ್ಲಾಡ್ತಾನೇ ಇಲ್ಲ." ತೂಕ ಇಳಿಸಲು ಹೊರಟವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಹೇಳುವ ಮಾತು ಇದು. ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಂದಲೂ ಕೇಳಿದ್ದೇನೆ. ಹೋದ ವರ್ಷ ನನಗೂ ಹೀಗೇ ಆಯಿತು. ಹೀಗೆ ತೂಕ ನಿಂತಾಗ ಕೆಲವರು ಊಟವನ್ನು ಇನ್ನೂ ಅರ್ಧ ಮಾಡುತ್ತಾರೆ. ಉಳಿದವರು "ನನ್ನ ದೇಹವೇ ಹೀಗೆ" ಎಂದು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಎರಡರಿಂದಲೂ ನಷ್ಟವೇ. ತೂಕ ಏಕೆ ನಿಲ್ಲುತ್ತದೆ ಎಂದು ತಿಳಿದರೆ ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಮೊದಲು ನನ್ನ ಲೆಕ್ಕ ಹೇಳುತ್ತೇನೆ. ಬದನಗುಪ್ಪೆಯಿಂದ ದಿನವೂ ಕಾಲೇಜಿಗೆ ಓಡಾಡುವ ಜೀವಶಾಸ್ತ್ರದ ಉಪನ್ಯಾಸಕ ನಾನು. ವಯಸ್ಸು 44, ಎತ್ತರ 168 ಸೆಂ.ಮೀ. ಹೋದ ವರ್ಷ ಜೂನ್‌ನಲ್ಲಿ ತೂಕ 92 ಕೆ.ಜಿ. ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.2 ಬಂದಿತ್ತು. 5.7ರಿಂದ 6.4ರವರೆಗೆ ಬಂದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು. ನಮ್ಮ ಅಬ್ಬಾಗೆ 41ನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಿತ್ತು, ಕೊನೆಯ ಆರು ವರ್ಷ ಅವರು ಒಂದು ಪಾದವಿಲ್ಲದೆ ಕಳೆದರು. ಆದ್ದರಿಂದ ನನಗೆ ಇದು ಅಂದ ಚಂದದ ವಿಷಯವಾಗಿರಲಿಲ್ಲ. ಊಟ ಕಡಿಮೆ ಮಾಡಿ, ಬೆಳಿಗ್ಗೆ ರೈಲು ನಿಲ್ದಾಣದ ಕಡೆಗೆ 40 ನಿಮಿಷ ನಡೆಯಲು ಶುರು ಮಾಡಿದೆ. ಅಕ್ಟೋಬರ್ ಹೊತ್ತಿಗೆ 84 ಕೆ.ಜಿ.ಗೆ ಬಂದೆ. ಆಮೇಲೆ ಹತ್ತು ವಾರ ಅಲ್ಲೇ ನಿಂತೆ.

ಹಗುರವಾದ ದೇಹಕ್ಕೆ ಕಡಿಮೆ ಸಾಕು

ಅರಿಶಿನದ ಮೂಟೆ ಹೇರಿಕೊಂಡ ಗಾಡಿಗೆ ಹೆಚ್ಚು ಪೆಟ್ರೋಲ್ ಬೇಕು. ಮೂಟೆ ಇಳಿಸಿದರೆ ಅದೇ ದಾರಿಗೆ ಕಡಿಮೆ ಸಾಕು. ದೇಹವೂ ಹಾಗೆಯೇ. ತೂಕ ಇಳಿದ ಮೇಲೆ ಮಲಗಿದಾಗ, ನಡೆಯುವಾಗ, ಮೆಟ್ಟಿಲು ಹತ್ತುವಾಗ ಖರ್ಚಾಗುವ ಶಕ್ತಿ ಕಡಿಮೆಯಾಗುತ್ತದೆ. ಇಳಿದ ಪ್ರತಿ ಕಿಲೋಗೆ ದಿನದ ಖರ್ಚು ಸುಮಾರು 25 ಕ್ಯಾಲೊರಿ ತಗ್ಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ನನ್ನ 8 ಕಿಲೋಗೆ ಇದು 200 ಕ್ಯಾಲೊರಿ, ಅಂದರೆ ಹೆಚ್ಚು ಕಡಿಮೆ ಒಂದು ಸಣ್ಣ ರಾಗಿಮುದ್ದೆ. ಜೂನ್‌ನಲ್ಲಿ "ಕಡಿಮೆ ಊಟ" ಆಗಿದ್ದದ್ದು ಅಕ್ಟೋಬರ್‌ನಲ್ಲಿ ಅಷ್ಟು ಕಡಿಮೆಯಾಗಿ ಉಳಿದಿರುವುದಿಲ್ಲ.

ಆದರೆ ತೂಕ ನಿಲ್ಲಲು ಇದೊಂದೇ ಸಾಲದು. ಇದಕ್ಕಿಂತ ದೊಡ್ಡ ಕಾರಣ ಹಸಿವು.

ಹಸಿವಿನ ಪಾಲು ದೊಡ್ಡದು

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಜಾಣ ಅಧ್ಯಯನ ಪ್ರಕಟಿಸಿದರು. ಕ್ಯಾನಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಇದೆ. ಅದನ್ನು ನುಂಗಿದರೆ ದಿನಕ್ಕೆ ಸುಮಾರು 90 ಗ್ರಾಂ ಸಕ್ಕರೆ, ಅಂದರೆ 360 ಕ್ಯಾಲೊರಿ, ಮೂತ್ರದಲ್ಲಿ ಹೊರಹೋಗುತ್ತದೆ. 153 ರೋಗಿಗಳು 52 ವಾರ ಈ ಮಾತ್ರೆ ತೆಗೆದುಕೊಂಡರು. ಇಷ್ಟು ಶಕ್ತಿ ಸೋರಿಹೋಗುತ್ತಿರುವುದು ಅವರ ಅರಿವಿಗೆ ಬರುವಂಥದ್ದಲ್ಲ, ಅವರು ಪಥ್ಯವನ್ನೂ ಮಾಡುತ್ತಿರಲಿಲ್ಲ. ಹಾಗಾದರೆ ವರ್ಷವಿಡೀ ತೂಕ ಇಳಿಯುತ್ತಲೇ ಹೋಗಬೇಕಿತ್ತಲ್ಲವೇ? ಹಾಗಾಗಲಿಲ್ಲ. ಕೆಲವು ಕಿಲೋ ಇಳಿದು ನಿಂತುಹೋಯಿತು. ಲೆಕ್ಕ ಹಾಕಿದಾಗ ಗೊತ್ತಾದದ್ದು ಇಷ್ಟು: ಇಳಿದ ಪ್ರತಿ ಕಿಲೋಗೆ ಅವರು ತಮಗೇ ತಿಳಿಯದಂತೆ ದಿನಕ್ಕೆ ಸುಮಾರು 100 ಕ್ಯಾಲೊರಿ ಹೆಚ್ಚು ತಿನ್ನುತ್ತಿದ್ದರು.

25 ಮತ್ತು 100, ಈ ಎರಡು ಅಂಕಿಗಳನ್ನು ನೆನಪಿಡಿ. ಖರ್ಚು ತಗ್ಗುವುದಕ್ಕಿಂತ ಹಸಿವು ಹೆಚ್ಚುವುದು ನಾಲ್ಕು ಪಟ್ಟು. ಇದರ ಹಿಂದೆ ಹಾರ್ಮೋನುಗಳಿವೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಪತ್ತೆ ಹಚ್ಚಿದ ಲೆಪ್ಟಿನ್ ನಮ್ಮ ಕೊಬ್ಬಿನ ಕೋಶಗಳಿಂದ ಬರುತ್ತದೆ. "ದಾಸ್ತಾನು ಸಾಕಷ್ಟಿದೆ" ಎಂದು ಅದು ಮಿದುಳಿಗೆ ತಿಳಿಸುತ್ತದೆ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮಿದುಳು ಅದನ್ನು ಬರಗಾಲ ಎಂದು ಓದಿಕೊಂಡು ಹಸಿವನ್ನು ಏರಿಸುತ್ತದೆ. ಬರಗಾಲಗಳನ್ನು ದಾಟಿ ಬದುಕಿದವರ ಸಂತತಿ ನಾವು. ತೂಕ ನಿಂತಿತೆಂದರೆ ನಿಮ್ಮ ಮನಸ್ಸು ದುರ್ಬಲ ಎಂದು ಅರ್ಥವಲ್ಲ. ದೇಹ ತನ್ನ ಕೆಲಸ ಮಾಡುತ್ತಿದೆ.

ಕಣ್ಣಂದಾಜು ಏಕೆ ಸಾಲದು

ಹೆಚ್ಚಿದ ಹಸಿವು "ನಾನು ಹೆಚ್ಚು ತಿನ್ನುತ್ತಿದ್ದೇನೆ" ಎಂದು ಹೇಳಿಕೊಂಡು ಬರುವುದಿಲ್ಲ. ಸಾರಿನ ಒಗ್ಗರಣೆಯ ಎಣ್ಣೆಯಲ್ಲಿ, ಮಗು ತಟ್ಟೆಯಲ್ಲಿ ಬಿಟ್ಟ ಅನ್ನದಲ್ಲಿ, ಮೂರರ ಬದಲು ನಾಲ್ಕು ಟೀಯಲ್ಲಿ ಸೇರಿಕೊಳ್ಳುತ್ತದೆ. ನ್ಯೂಯಾರ್ಕ್‌ನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, "ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ" ಎನ್ನುತ್ತಿದ್ದ ಹತ್ತು ಮಂದಿಯನ್ನು ಪರೀಕ್ಷಿಸಿದರು. ಅವರ ದೇಹದ ಶಕ್ತಿಯ ಖರ್ಚು ಸಹಜವಾಗಿಯೇ ಇತ್ತು. ತಿಂದದ್ದನ್ನು ಅವರು ಸರಾಸರಿ 47% ಕಡಿಮೆ ಬರೆದಿದ್ದರು, ವ್ಯಾಯಾಮವನ್ನು 51% ಹೆಚ್ಚು ಬರೆದಿದ್ದರು. ಅವರು ಸುಳ್ಳುಗಾರರಲ್ಲ. ಕಣ್ಣಂದಾಜು ಯಾರಿಗಾದರೂ ತಪ್ಪುತ್ತದೆ.

ನಮ್ಮ ಅಡುಗೆಮನೆಯಲ್ಲೇ ನೋಡಿ. 5 ಗ್ರಾಂನ ಒಂದು ಸಣ್ಣ ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿ ಇದೆ. ಅಷ್ಟೇ ಸಕ್ಕರೆಯಲ್ಲಿ 20. ಡಬ್ಬದಿಂದ ಬಾಣಲೆಗೆ ಎಣ್ಣೆ ಸುರಿಯುವಾಗ ಕೈ ಸ್ವಲ್ಪ ಜಾರಿದರೆ ನಾಲ್ಕು ಚಮಚ ಹೆಚ್ಚಾಗುತ್ತದೆ. ಅದು 180 ಕ್ಯಾಲೊರಿ. ಅಷ್ಟನ್ನು ಕರಗಿಸಲು ಮುಕ್ಕಾಲು ಗಂಟೆಯಷ್ಟು ನಡೆಯಬೇಕು. ನಡಿಗೆ ಹೃದಯಕ್ಕೂ ಸಕ್ಕರೆಯ ಹತೋಟಿಗೂ ಬಹಳ ಒಳ್ಳೆಯದು. ಆದರೆ ತಟ್ಟೆಯನ್ನು ಗಮನಿಸದೆ ನಡಿಗೆಯೊಂದರಿಂದಲೇ ತೂಕ ಇಳಿಸುವುದು ಕಷ್ಟ.

ನಿಜವಾಗಿ ನಿಂತಿದೆಯೇ?

ಪಥ್ಯ ಶುರು ಮಾಡಿದ ಮೊದಲ ವಾರದಲ್ಲಿ ತೂಕ ಸರ್ರನೆ ಇಳಿಯುತ್ತದೆ. ಅದರಲ್ಲಿ ಹೆಚ್ಚಿನದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್‌ನ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಗ್ಲೈಕೋಜನ್ ಖರ್ಚಾದಾಗ ನೀರೂ ಹೋಗುತ್ತದೆ. ಮುಂದೆ ಇದೇ ನೀರು ತಿರುಗುಬಾಣವಾಗುತ್ತದೆ. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ, ಹೊಸ ವ್ಯಾಯಾಮದಿಂದ ಮೈಕೈ ನೋಯುವಾಗ, ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ಒಂದೆರಡು ಕಿಲೋ ನೀರು ಹಿಡಿದಿಡಬಹುದು. ಒಳಗೆ ಕೊಬ್ಬು ಕರಗುತ್ತಿದ್ದರೂ ಮುಳ್ಳು ನಿಂತಂತೆ ಕಾಣುತ್ತದೆ.

ಹಾಗಾಗಿ ಒಂದು ವಾರದ ತೂಕ ನೋಡಿ ತೀರ್ಮಾನ ಬೇಡ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ವಾರಕ್ಕೆ ಮೂರು ಸಲ ತೂಕ ನೋಡಿ ಸರಾಸರಿ ಬರೆದಿಡಿ. ನಾಲ್ಕು ವಾರ ಸರಾಸರಿ ಇಳಿಯದಿದ್ದರೆ ಆಗ ನಿಂತಿದೆ ಎನ್ನಬಹುದು. ಜೊತೆಗೆ ಟೇಪು ಹಿಡಿದು ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ಬರೆದಿಡಿ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಬೇಕು. ನನ್ನ ತೂಕ ನಿಂತ ಆ ಹತ್ತು ವಾರಗಳಲ್ಲಿ ಸೊಂಟ 101ರಿಂದ 98 ಸೆಂ.ಮೀ.ಗೆ ಇಳಿದಿತ್ತು.

ಮುಂದೇನು ಮಾಡಬೇಕು?

ಒಂದು: ಎರಡು ವಾರ ಅಳೆದು ಬರೆಯಿರಿ. ಮನೆಮಂದಿಯ ತಿಂಗಳ ಎಣ್ಣೆ ಎಷ್ಟು ಲೀಟರ್, ತಲೆಗೆಷ್ಟು ಎಂದು ಭಾಗಿಸಿದರೂ ಸಾಕು, ಬಹಳಷ್ಟು ತಿಳಿಯುತ್ತದೆ. ನಮ್ಮ ಮನೆಯಲ್ಲಿ ಈಗ ಎಣ್ಣೆಯನ್ನು ಚಮಚದಲ್ಲೇ ಹಾಕುತ್ತಾರೆ.

ಎರಡು: ಹಸಿವನ್ನು ಹತ್ತಿಕ್ಕುವ ಬದಲು ತಣಿಸಿ. ಬಸ್ಸಾರು, ಹುರುಳಿಕಾಳು, ಅವರೆಕಾಳು, ಸೊಪ್ಪಿನ ಪಲ್ಯ, ಬೇಯಿಸಿದ ಮೊಟ್ಟೆ, ಮೀನು, ಮಜ್ಜಿಗೆ ಹೊಟ್ಟೆಯನ್ನು ಹೆಚ್ಚು ಹೊತ್ತು ಹಿಡಿಯುತ್ತವೆ. ಮುದ್ದೆಯನ್ನಾಗಲಿ ಅನ್ನವನ್ನಾಗಲಿ ಪೂರ್ತಿ ಬಿಡಬೇಕಾಗಿಲ್ಲ. ತಟ್ಟೆಯ ಅರ್ಧ ಭಾಗ ತರಕಾರಿ ಸೊಪ್ಪಿಗೆ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮಾಂಸಕ್ಕೆ ಬಿಟ್ಟು ಉಳಿದ ಕಾಲು ಭಾಗದಲ್ಲಿ ಮುದ್ದೆಯೋ ಅನ್ನವೋ ಇರಲಿ.

ಮೂರು: ಸ್ನಾಯು ಉಳಿಸಿಕೊಳ್ಳಿ. ಬರೀ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆ ಮತ್ತು ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳುತ್ತದೆ. ಜಿಮ್ ಬೇಕೇ ಬೇಕೆಂದಿಲ್ಲ. ಬಸ್ಕಿ, ದಂಡ, ನೀರು ತುಂಬಿದ ಕ್ಯಾನ್ ಎತ್ತಿಳಿಸುವುದು ಸಾಕು.

ನಾಲ್ಕು: ನಿದ್ದೆ ಮಾಡಿ. ಶಿಕಾಗೊ ವಿಶ್ವವಿದ್ಯಾಲಯದ 2010ರ ಅಧ್ಯಯನದಲ್ಲಿ ಹತ್ತು ಮಂದಿಗೆ ಒಂದೇ ಬಗೆಯ ಪಥ್ಯ ಕೊಟ್ಟು, ಎರಡು ವಾರ ರಾತ್ರಿ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟರು. ಇಳಿದ ತೂಕ ಹೆಚ್ಚು ಕಡಿಮೆ ಒಂದೇ. ಆದರೆ ಕಡಿಮೆ ಮಲಗಿದಾಗ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡುವವರು ಇದನ್ನು ಗಮನಿಸಬೇಕು.

ಐದು: ಕೆಲವು ವಾರ ಇದ್ದಲ್ಲೇ ಇರಿ. ಇಳಿದ ತೂಕವನ್ನು ಏರದಂತೆ ಹಿಡಿದಿಡುವುದೂ ಒಂದು ಸಾಧನೆ. ನಾನು ಡಿಸೆಂಬರ್ ಪೂರ್ತಿ ಅದನ್ನಷ್ಟೇ ಮಾಡಿ, ಜನವರಿಯಿಂದ ಎಣ್ಣೆಯ ಲೆಕ್ಕ ಮತ್ತು ಬಸ್ಕಿ ಸೇರಿಸಿದೆ. ಈಗ 81 ಕೆ.ಜಿ. ಇದ್ದೇನೆ. ಎಚ್‌ಬಿಎ1ಸಿ 5.8.

ಆರು: ಇಷ್ಟಾದರೂ ಬದಲಾವಣೆ ಇಲ್ಲದಿದ್ದರೆ, ಅಥವಾ ವಿಪರೀತ ಸುಸ್ತು, ಮುಟ್ಟಿನ ಏರುಪೇರು ಇದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಕೊರತೆ, ಪಿಸಿಓಡಿ, ಸ್ಟೀರಾಯ್ಡ್‌ನಂಥ ಕೆಲವು ಔಷಧಿಗಳು ಕಾರಣವಿರಬಹುದು. ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪರಿಚಯದವರು ಮಾರುವ ತೂಕ ಇಳಿಸುವ ಪುಡಿಗಳಿಗೆ ದುಡ್ಡು ಹಾಕುವ ಬದಲು ಅದೇ ದುಡ್ಡಿಗೆ ಮೊಟ್ಟೆ, ತರಕಾರಿ ತನ್ನಿ.

ರಂಜಾನ್ ತಿಂಗಳಲ್ಲಿ

"ಒಂದು ತಿಂಗಳು ರೋಜಾ ಇದ್ದರೂ ತೂಕ ಇಳಿಯಲಿಲ್ಲವಲ್ಲ" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ರಂಜಾನಿನಲ್ಲಿ ಸರಾಸರಿ ಒಂದು ಕಿಲೋದ ಆಸುಪಾಸು ಇಳಿಯುತ್ತದೆ, ಹಬ್ಬದ ನಂತರದ ಕೆಲವು ವಾರಗಳಲ್ಲಿ ಹೆಚ್ಚಿನದು ಮರಳಿ ಬರುತ್ತದೆ. ರೋಜಾ ಇರುವುದು ತೂಕಕ್ಕಾಗಿ ಅಲ್ಲ, ಆ ಮಾತು ಬೇರೆ. ಆದರೆ ಇಫ್ತಾರ್‌ನಲ್ಲಿ ಖರ್ಜೂರ, ನೀರು, ಹಣ್ಣು, ಗಂಜಿ ಮೊದಲಿರಲಿ. ಸಮೋಸ, ಶರಬತ್ತು ದಿನವೂ ಬೇಡ. ಸಹರಿಯನ್ನು ಬಿಡಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ರಂಜಾನಿಗೆ ಮುಂಚೆಯೇ ವೈದ್ಯರನ್ನು ಕೇಳಲಿ.

ವಿದ್ಯಾರ್ಥಿಗಳಿಗೆ ಒಂದು ಮಾತು

ಮೇಲಿನ ಲೆಕ್ಕಗಳೆಲ್ಲ ದೊಡ್ಡವರದು. ನಿಮ್ಮದು 16, 17ರ ವಯಸ್ಸು, ಮೂಳೆ ಇನ್ನೂ ಗಟ್ಟಿಯಾಗುತ್ತಿದೆ. ಬೆಳಗಿನ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ತಿಂಡಿ ಬಿಡುವುದು, ಮಧ್ಯಾಹ್ನದ ಡಬ್ಬಿಯನ್ನು ತೆರೆಯದೆ ವಾಪಸ್ ಒಯ್ಯುವುದು ಪಥ್ಯವಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ಅವರಿಗೆ ಸದಾ ಚಳಿ, ಸುಸ್ತು, ಸಿಡುಕು, ಖಿನ್ನತೆ. ಹಗಲಿಡೀ ಊಟದ್ದೇ ಯೋಚನೆ, ಓದಿನಲ್ಲಿ ಗಮನ ನಿಲ್ಲುತ್ತಿರಲಿಲ್ಲ. ನಿಮಗೆ ಬೇಕಾದದ್ದು ದಿನಕ್ಕೆ ಒಂದು ಗಂಟೆ ಆಟ ಓಟ, ಹೊತ್ತಿಗೆ ಸರಿಯಾಗಿ ಊಟ, ಸಾಕಷ್ಟು ನಿದ್ದೆ. ತಲೆ ಸುತ್ತು, ಮುಟ್ಟು ನಿಲ್ಲುವುದು, ಕೂದಲು ಉದುರುವುದು ಕಂಡರೆ ಮನೆಯಲ್ಲಿ ಹೇಳಿ, ಇಲ್ಲವೇ ನಮ್ಮಲ್ಲಿ ಯಾರಿಗಾದರೂ ಹೇಳಿ. ಗೆಳತಿಯ, ಗೆಳೆಯನ ಮೈಯ ಬಗ್ಗೆ ತಮಾಷೆ ಮಾಡಬೇಡಿ. ಎಷ್ಟೋ ಡಬ್ಬಿಗಳು ತೆರೆಯದೆ ವಾಪಸ್ ಹೋಗುವುದು ಅಂಥ ಒಂದು ತಮಾಷೆಯಿಂದಲೇ.

ಮುಳ್ಳು ನಿಂತರೂ ಲಾಭ ನಿಲ್ಲುವುದಿಲ್ಲ

ಕೊನೆಯದಾಗಿ, ನನಗೆ ಆ ಹತ್ತು ವಾರ ಧೈರ್ಯ ಕೊಟ್ಟ ಅಧ್ಯಯನದ ಬಗ್ಗೆ ಹೇಳಬೇಕು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಭಾರತೀಯರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ಮತ್ತು ನಡಿಗೆಯನ್ನು ಸರಿಪಡಿಸಿಕೊಂಡವರಲ್ಲಿ ಕಾಯಿಲೆ ಬರುವ ಸಾಧ್ಯತೆ 28.5% ಕಡಿಮೆಯಾಗಿತ್ತು. ಅವರ ಸರಾಸರಿ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.

ತೂಕದ ಯಂತ್ರ ತೋರಿಸುವುದು ಒಂದೇ ಅಂಕಿ. ರಕ್ತದ ಸಕ್ಕರೆ, ರಕ್ತದೊತ್ತಡ, ಸೊಂಟದ ಸುತ್ತಳತೆ, ಮೆಟ್ಟಿಲು ಹತ್ತುವಾಗಿನ ಉಸಿರು ಅದರಲ್ಲಿ ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಅಮ್ಮನೋ ಅಬ್ಬಾನೋ ತೂಕ ಇಳಿಯುತ್ತಿಲ್ಲವೆಂದು ಬೇಸತ್ತು ವಾಕಿಂಗ್ ಬಿಡಲು ಹೊರಟಿದ್ದರೆ ಈ ಲೇಖನ ಓದಿ ಹೇಳಿ. ಸಾಧ್ಯವಾದರೆ ನಾಳೆ ಬೆಳಿಗ್ಗೆ ಅವರ ಜೊತೆ ನೀವೂ ಹೊರಡಿ.