ವಿಕಲಚೇತನರ ಬಗೆಗಿನ ಸಾರ್ವಜನಿಕ ಮನೋಭಾವ ಮತ್ತು ಶಾಲೆ

ಕಾಲಿನಲ್ಲಿ ಬಲವಿಲ್ಲದ ಮಗುವಿಗೆ ಶಾಲೆಯ ಮೆಟ್ಟಿಲು ಒಂದು ತಡೆಯಾದರೆ, "ಇವನು ಓದಿ ಏನು ಮಾಡಬೇಕು?" ಎಂಬ ಊರಿನ ಮಾತು ಇನ್ನೊಂದು ತಡೆ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿ, ಭಾರತವು 2007ರಲ್ಲಿ ಅನುಮೋದಿಸಿದ ಒಡಂಬಡಿಕೆಯು ವಿಕಲತೆಯನ್ನು ಹೀಗೆಯೇ ವಿವರಿಸುತ್ತದೆ: ದೇಹದ ಅಥವಾ ಮನಸ್ಸಿನ ನ್ಯೂನತೆಯು ಪರಿಸರದ ಹಾಗೂ ಜನರ ಧೋರಣೆಯ ತಡೆಗಳೊಡನೆ ಸೇರಿದಾಗ ವಿಕಲತೆ ಉಂಟಾಗುತ್ತದೆ. ಮೆಟ್ಟಿಲಿನ ಬದಿಗೆ ರ‍್ಯಾಂಪ್ ಕಟ್ಟಿಸಬಹುದು. ಧೋರಣೆಯನ್ನು ತಿದ್ದಬೇಕಾದರೆ ಅದು ಯಾವುದರಿಂದ ರೂಪುಗೊಳ್ಳುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ಮಾತಿನ ಪ್ರಭಾವ

ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಇಂದಿಗೂ ಇಲ್ಲಿನ ಕನ್ನಡ ಮಾಧ್ಯಮದ ಮಗು ಎರಡು ಭಾಷೆಗಳ ನಡುವೆ ಬೆಳೆಯುತ್ತದೆ. "ಕಿವುಡನ ಮುಂದೆ ಶಂಖ ಊದಿದಂತೆ" ಎಂಬ ಗಾದೆ ಕನ್ನಡದಲ್ಲಿದೆ. "ಚೆವಿಟಿವಾಡಿ ಮುಂದು ಶಂಖಂ ಊದಿನಟ್ಟು" ಎಂದು ತೆಲುಗಿನಲ್ಲಿಯೂ ಇದೆ. ಎರಡರಲ್ಲಿಯೂ ಕೇಳಿಸದವನು ತಿಳಿವಳಿಕೆಯಿಲ್ಲದವನಿಗೆ ಹೋಲಿಕೆಯಾಗುತ್ತಾನೆ. ಕರ್ನಾಟಕ ಸರ್ಕಾರದ ಇಲಾಖೆ 'ವಿಕಲಚೇತನರು' ಎಂಬ ಪದವನ್ನೂ ಆಂಧ್ರಪ್ರದೇಶದ ಇಲಾಖೆ 'ವಿಭಿನ್ನ ಪ್ರತಿಭಾವಂತುಲು' ಎಂಬ ಪದವನ್ನೂ ಬಳಸುತ್ತವೆ. ಕಡತಕ್ಕೆ ಈ ಪದಗಳು ಬೇಕು. ತರಗತಿಯಲ್ಲಿ ಮಗುವಿಗೆ ಅದರ ಹೆಸರೇ ಸಾಕು.

ಕಾರಣದ ಕಲ್ಪನೆ

ವಿಕಲತೆಯನ್ನು ಪೂರ್ವಜನ್ಮದ ಕರ್ಮವೆಂದೋ ತಾಯಿಯ ದೋಷವೆಂದೋ ಭಾವಿಸುವಲ್ಲಿ ಚಿಕಿತ್ಸೆ ತಡವಾಗುತ್ತದೆ, ಮಗು ಮನೆಯೊಳಗೇ ಉಳಿಯುತ್ತದೆ. ಪೋಲಿಯೊದಿಂದ ಕಾಲು ಸೊರಗಿದುದನ್ನೂ ಹಣೆಬರಹವೆಂದವರಿದ್ದರು. ಲಸಿಕೆಯ ಹನಿಗಳು ಆ ಹಣೆಬರಹವನ್ನು ಅಳಿಸಿದವು. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ರಕ್ತಸಂಬಂಧದಲ್ಲಿ ಆಗುವ ಮದುವೆಗಳು ಕೆಲವು ಆನುವಂಶಿಕ ತೊಂದರೆಗಳ ಸಂಭವವನ್ನು ಹೆಚ್ಚಿಸುತ್ತವೆ. ಇದು ವಿಜ್ಞಾನದ ಪಾಠದಲ್ಲಿ ಎಲ್ಲರಿಗೂ ಹೇಳತಕ್ಕ ವಿಷಯ. ಮಗುವಿನ ತಾಯಿಯ ಮೇಲೆ ಹೊರಿಸತಕ್ಕ ದೂರಲ್ಲ.

ಕರುಣೆ ಮತ್ತು ಬೆರಗು

ತಿರಸ್ಕಾರದಂತೆ ಕರುಣೆಯೂ ಮಗುವನ್ನು ದೂರವಿಡಬಲ್ಲದು. ಜಾತ್ರೆಯಲ್ಲಿ ಭಿಕ್ಷೆಗೆ ಕುಳಿತವರನ್ನು ಮಾತ್ರ ಕಂಡ ವಿದ್ಯಾರ್ಥಿಗಳು ವಿಕಲಚೇತನರೆಂದರೆ ದಾನ ಪಡೆಯುವವರೆಂದೇ ತಿಳಿಯುತ್ತಾರೆ. ಇನ್ನೊಂದು ತುದಿಯಲ್ಲಿ ಬೆರಗಿದೆ. ಗದಗಿನ ಪುಟ್ಟರಾಜ ಗವಾಯಿಗಳ (1914–2010) ಸಾಧನೆಯನ್ನು ದೈವದತ್ತ ಪವಾಡವೆಂದಷ್ಟೇ ಹೇಳಿದರೆ ಪಾಠ ಅರ್ಧವಾಗುತ್ತದೆ. ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಅವರಿಗೆ ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಗುರುವಾಗಿ ದೊರೆತರು. ವೀರೇಶ್ವರ ಪುಣ್ಯಾಶ್ರಮವು ಅನ್ನ, ಆಶ್ರಯ, ಶಿಕ್ಷಣಗಳನ್ನು ನೀಡಿತು. ಕಲಿಸಬಹುದೆಂದು ನಂಬಿದ ಗುರುವಿದ್ದುದರಿಂದ ಆ ಪ್ರತಿಭೆ ಬೆಳಗಿತು.

ಒಡನಾಟ

ಪೂರ್ವಗ್ರಹವನ್ನು ಕುರಿತ 1954ರ ತಮ್ಮ ಗ್ರಂಥದಲ್ಲಿ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್, ಬರಿಯ ಸಾಮೀಪ್ಯದಿಂದ ಪೂರ್ವಗ್ರಹ ಕರಗದೆಂದು ತೋರಿಸಿದರು. ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ, ಹಿರಿಯರ ಬೆಂಬಲ ಇವು ನಾಲ್ಕೂ ಬೇಕು. ಊರಿನಲ್ಲಿ ಇವು ಒಟ್ಟಿಗೆ ಕೂಡಿಬರುವುದು ವಿರಳ. ತರಗತಿಯಲ್ಲಿ ಶಿಕ್ಷಕರು ಮನಸ್ಸು ಮಾಡಿದರೆ ಕೂಡಿಬರುತ್ತವೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳ್ಳಿರಿಸಿದ ಮಗು ಹಾಜರಿ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ಶಿಕ್ಷಕರು ಕೈಗೊಳ್ಳಬಹುದಾದ ಕ್ರಮಗಳು

1. ಗುಂಪುಚಟುವಟಿಕೆಯಲ್ಲಿ ಆ ಮಗುವಿಗೆ ನಿಜವಾದ ಹೊಣೆಯೊಂದನ್ನು ಕೊಡಬೇಕು. ಅದಿಲ್ಲದೆ ಗುಂಪಿನ ಕೆಲಸ ಮುಗಿಯಬಾರದು.

2. ಕಿವಿ ಮಂದವಾದ ಮಗುವಿಗೆ ಮುಖ ಕಾಣುವಂತೆ ನಿಂತು ಪಾಠ ಹೇಳಬೇಕು. ದೃಷ್ಟಿ ಮಂದವಾದ ಮಗುವಿಗಾಗಿ ಹಲಗೆಯ ಮೇಲಿನದನ್ನು ಓದಿ ಹೇಳಬೇಕು.

3. 2016ರ ಹಕ್ಕುಗಳ ಕಾಯಿದೆಯು 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ನಿಗದಿತ ಪ್ರಮಾಣದ, ಅಂದರೆ ಶೇ. 40ಕ್ಕೆ ಕಡಿಮೆಯಿಲ್ಲದ, ವಿಕಲತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸದರಂ ಪ್ರಮಾಣಪತ್ರದ ತೆಲುಗು ಅರ್ಜಿ, ಸೂಚನೆಗಳನ್ನು ಕನ್ನಡ ಬಲ್ಲ ಪೋಷಕರಿಗೆ ಓದಿ ತಿಳಿಸಬೇಕು. ಭಾಷೆಯ ಕಾರಣದಿಂದ ಸೌಲಭ್ಯ ತಪ್ಪಿದರೆ ಮಗು ಎರಡು ಬಾರಿ ಅಲ್ಪಸಂಖ್ಯಾತವಾಗುತ್ತದೆ.

4. ಮೆಣಸಿನಕಾಯಿ ಬಿಡಿಸಲು ಗುಂಟೂರಿನತ್ತ, ಕಟ್ಟಡದ ಕೆಲಸಕ್ಕೆ ಬೆಂಗಳೂರಿನತ್ತ ಕುಟುಂಬಗಳು ವಲಸೆ ಹೋಗುವ ತಿಂಗಳುಗಳಲ್ಲಿ, ಅಜ್ಜಿ ತಾತಂದಿರ ಬಳಿ ಉಳಿದ ವಿಕಲಚೇತನ ಮಗುವನ್ನು ಮನೆಗೆ ಹೋಗಿ ಕಾಣಬೇಕು. ಜೊತೆಯಲ್ಲಿ ಸಹಪಾಠಿಗಳಿಬ್ಬರನ್ನು ಕರೆದೊಯ್ದರೆ ಒಳಿತು. ಮರುದಿನ ಆ ಮಗುವನ್ನು ಶಾಲೆಗೆ ಕರೆತರುವವರು ಅವರೇ.